ನಮ್ಮ ಯಜಮಾನರು ಕ್ಯಾಮೆರಾ ಕೊಂಡದ್ದು

ನಮ್ಮೂರಲ್ಲಿ ಯಂತ್ರಗಳ ಮೇಲೆ ಅನುಮಾನ ಪಡುವ ಹಾಗಿಲ್ಲ. ಎದುರಿಗೆ ನಿಂತು, ಇದು ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಸಾಕು, ಅದು ಅಲ್ಲಿಗೇ ಮುನಿಸಿಕೊಂಡು ನಿಂತುಬಿಡುತ್ತದೆ. ಆಮೇಲೆ ಅದನ್ನು ನಂಬುವವರು ಯಾರಾದರೂ ಬಂದು, ಮೈ ಸವರಿ, ನಾಲ್ಕು ಒಳ್ಳೆಯ ಮಾತಾಡಿದರೆ ಮತ್ತೆ ಶುರು. ಯಾವಾಗಿನಿಂದ ಹೀಗೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದರಲ್ಲೂ ಒಂದು ಅನುಮಾನದ ವಾಸನೆ ಇರುತ್ತದಲ್ಲ. ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಡೆದುಹೋದರೆ ಪ್ರತಿ ಅಡುಗೆಮನೆಯಿಂದಲೂ ಹೆಂಗಸರು ಮಿಕ್ಸಿಯನ್ನು ಹೊಗಳುವ ಸದ್ದು ಕೇಳುತ್ತದೆ. "ನನ್ನ ರಾಣಿ, ನಿನ್ನಂಥದ್ದು ಈ ಬೀದೀಲೇ ಇಲ್ಲ ಕಣೆ." ಆಮೇಲೆ ಚಟ್ನಿ ರುಬ್ಬುವ ಸದ್ದು. ನೀರಿನ ಪಂಪ್‌ಹೌಸಿಗೆ ಆಳು ಬೇಕಾದಾಗ ಓದು ಬರಹ ವಿಚಾರಿಸುವುದಿಲ್ಲ, ಯಾರು ಏನು ಹೇಳಿದರೂ ನಂಬುವವನನ್ನು ಹುಡುಕಿ ಕೂರಿಸುತ್ತಾರೆ. ಬಸ್ಸು ದಿಬ್ಬದ ಬುಡಕ್ಕೆ ಬಂದಾಗ ಕಂಡಕ್ಟರ್ ಎದ್ದು ನಿಂತು, "ಅನುಮಾನ ಇರೋರು ಇಲ್ಲೇ ಇಳ್ಕೊಳ್ರಪ್ಪ, ಮೇಲ್ಗಡೆ ಹತ್ತಿಸ್ಕೋತೀವಿ" ಎನ್ನುತ್ತಾನೆ. ಒಬ್ಬಿಬ್ಬರು ತಲೆ ತಗ್ಗಿಸಿಕೊಂಡು ಇಳಿದು ದಿಬ್ಬ ಹತ್ತುತ್ತಾರೆ. ಅವರಲ್ಲಿ ಮೊದಲು ಇಳಿಯುವವರು ನಮ್ಮ ಯಜಮಾನರು.

ಅವರ ಹೆಸರು ರಂಗಧಾಮಯ್ಯ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಆಡುವ ಮಾತುಗಳಿಂದ ನಿಮಗೆ ಬೇರೆ ಥರ ಅನ್ನಿಸಬಹುದು. ಉತ್ತರ ಬಂದ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಮಾಡಿ ನೋಡುವ ಜಾತಿ ಅವರದು. ಬೀಗ ಹಾಕಿ ಎಳೆಯುತ್ತಾರೆ, ಎಳೆದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆಯುತ್ತಾರೆ. ಅವರ ಕೂಡ ಸಂಸಾರ ಮಾಡಿ ನಾನು ಒರಳು ಕಲ್ಲಿನಲ್ಲಿ ರುಬ್ಬುವುದರಲ್ಲಿ ಪಳಗಿದ್ದೇನೆ, ಬೀಸಣಿಗೆ ಬೀಸುತ್ತಾ ನಿದ್ದೆ ಮಾಡುವುದನ್ನು ಕಲಿತಿದ್ದೇನೆ. ಫೋನಂತೂ ಅವರ ಕೈಗೆ ಕೊಡುವ ಹಾಗೇ ಇಲ್ಲ. "ಹಲೋ, ಕೇಳಿಸ್ತಿದೆಯಾ?" ಎಂದು ಕೇಳುತ್ತಾರೆ. ಅಲ್ಲಿಗೆ ಮುಗಿಯಿತು. ಹಾಗೆಂದು ಊರಲ್ಲಿ ಅವರಿಗೆ ಗೌರವ ಇಲ್ಲ ಎಂದಲ್ಲ. ಯಾರಾದರೂ ಪಕ್ಕದ ಮನೆಯಲ್ಲಿ ಮೈಕ್ ಹಾಕಿಕೊಂಡು ಬೀದಿಯ ಕಿವಿ ಹರಿಯುತ್ತಿದ್ದರೆ, "ಮೇಷ್ಟ್ರೇ, ಸ್ವಲ್ಪ ಟೀ ಕುಡ್ಕೊಂಡು ಹೋಗಿ, ಬನ್ನಿ" ಎಂದು ಮರ್ಯಾದೆಯಿಂದ ಕರೆದುಕೊಂಡು ಹೋಗುತ್ತಾರೆ.

ಇವರು ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯ ಗೋಡೆ ಗಡಿಯಾರವನ್ನೂ ತಮ್ಮ ಕೈಗಡಿಯಾರವನ್ನೂ ಒಮ್ಮೆ ಹೋಲಿಸಿ ನೋಡಿದರು. ಎರಡೂ ನಿಂತವು. ನಾನು, ಹುಚ್ಚಿ, ಅದನ್ನು ಪ್ರೇಮ ಎಂದು ತಿಳಿದೆ. ಮದುವೆಯಲ್ಲಿ ನಿಜ ಗೊತ್ತಾಯಿತು. ಫೋಟೋದವನು ಪ್ರತಿ ಸಲ ಕ್ಯಾಮೆರಾ ಕಣ್ಣಿಗೆ ಇಟ್ಟಾಗಲೂ ಇವರು ಬಾಸಿಂಗದ ಕೆಳಗಿನಿಂದ, "ಬರುತ್ತಾ?" ಎಂದು ಕೇಳಿದರು. ರೀಲು ತೊಳೆದು ನೋಡಿದರೆ ಎಲ್ಲ ಕಪ್ಪು. ನನ್ನ ಕೆಂಪು ಸೀರೆ, ನನ್ನ ಮೊಗ್ಗಿನ ಜಡೆ, ಆಗ ಇನ್ನೂ ಇದ್ದ ನಮ್ಮಜ್ಜಿ, ಎಲ್ಲ ಆ ಕಪ್ಪಿನೊಳಗೆ ಹೋದವು. ನಮ್ಮ ಮನೆಯಲ್ಲಿ ಜಗಳ ಎಲ್ಲಿಂದ ಶುರುವಾದರೂ, ಉಪ್ಪಿನಕಾಯಿಯಿಂದಲೇ ಶುರುವಾಗಲಿ, ಕೊನೆಗೆ ಆ ರೀಲಿಗೇ ಬಂದು ನಿಲ್ಲುತ್ತದೆ. ನಾನೇ ತಂದು ನಿಲ್ಲಿಸುತ್ತೇನೆ.

ಇದೆಲ್ಲ ಯಾಕೆ ಹೇಳಿದೆನೆಂದರೆ, ನಮ್ಮ ಒಬ್ಬಳೇ ಮಗಳು ಸಿಂಚನಾಳಿಗೆ ಮದುವೆ ಗೊತ್ತಾಯಿತು. ಹುಡುಗನ ಹೆಸರು ಲೋಹಿತ್, ಬೇರೆ ಊರಿನವನು, ಪಶು ಆಸ್ಪತ್ರೆಯಲ್ಲಿ ಕೆಲಸ. ವೀಳ್ಯಶಾಸ್ತ್ರ ಮುಗಿಸಿ ಬಂದ ರಾತ್ರಿ ಇವರು ಹಾಸಿಗೆಯ ಮೇಲೆ ಎದ್ದು ಕೂತು, "ವನಜಾ, ಈ ಸಲ ಹಾಗಾಗಲ್ಲ" ಎಂದರು. ಯಾವುದು ಹೇಗಾಗಲ್ಲ ಎಂದು ನಾನು ಕೇಳಬೇಕಾಗಿರಲಿಲ್ಲ. ಇವರ ವಾದ ಹೀಗಿತ್ತು: ತಾವು ಅನುಮಾನ ಪಡುವುದು ಯಂತ್ರಗಳು ಅಗ್ಗದವು ಎಂಬ ಕಾರಣಕ್ಕೆ. ಅನುಮಾನಕ್ಕೆ ಎಡೆಯೇ ಇಲ್ಲದಂಥ, ಎಲ್ಲಕ್ಕಿಂತ ದುಬಾರಿಯಾದ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡುಬಿಟ್ಟರೆ ತಮ್ಮ ಬಾಯಿ ಮಾತ್ರವಲ್ಲ, ಮನಸ್ಸೂ ಮುಚ್ಚಿಕೊಳ್ಳುತ್ತದೆ. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಲೆಕ್ಕದ ಮೇಷ್ಟ್ರುಗಳ ಮಾತು ಕೇಳುವುದಕ್ಕೆ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಕ್ಯಾಮೆರಾ ಬಂತು. ಬೆಲೆ ಹೇಳಿದರೆ ನೀವು ನಂಬುವುದಿಲ್ಲ, ನಂಬದಿದ್ದರೆ ಏನಾಗುತ್ತದೆ ಎಂದು ಆಗಲೇ ಹೇಳಿದ್ದೇನೆ. ಕಪ್ಪಗೆ, ಗುಂಡುಗುಂಡಾಗಿ, ಕೈಯಲ್ಲಿ ಹಿಡಿದರೆ ಕೂಸಿನಷ್ಟು ಭಾರ. ನನಗೆ ನೋಡಿದ ಕೂಡಲೇ ಮುದ್ದು ಬಂತು. ಆದರೆ ದುಬಾರಿಯ ವಿಷಯದಲ್ಲಿ ಇವರ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಅಗ್ಗದ ವಸ್ತುವಾದರೆ ಹೋದರೆ ಹೋಗಲಿ ಎನ್ನಬಹುದು. ಇದಕ್ಕೆ ಹಾಗೆನ್ನಲು ಬರುತ್ತದೆಯೇ? ಇವರು ಡಬ್ಬದ ಸುತ್ತ ಪ್ರದಕ್ಷಿಣೆ ಹಾಕತೊಡಗಿದರು. ಕೊಳ್ಳುವ ಮುಂಚೆ ಸಿಂಚನಾಳ ಕೈಯಲ್ಲಿ ಫೋನಿನಲ್ಲಿ ಓದಿಸಿದ್ದರಂತೆ: ಸಾವಿರಾರು ಜನ ಈ ಕ್ಯಾಮೆರಾವನ್ನು ಹಾಡಿ ಹೊಗಳಿದ್ದರು, ಯಾವನೋ ಒಬ್ಬ ಮಾತ್ರ, "ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು" ಎಂದು ಬರೆದಿದ್ದ. ಆ ಸಾವಿರಾರು ಜನರನ್ನು ಇವರು ಮರೆತರು. ಆ ಒಬ್ಬ ನಮ್ಮ ಮನೆಗೆ ನೆಂಟನಂತೆ ಬಂದು ಕೂತ. ಊಟಕ್ಕೆ ಕೂತಾಗಲೂ ಅವನದೇ ಮಾತು. "ಅವನು ಸುಳ್ಳು ಯಾಕೆ ಬರೀತಾನೆ ಹೇಳು? ಅವನಿಗೇನು ಬರುತ್ತೆ ಅದರಿಂದ?"

ಡಬ್ಬದೊಳಗೆ ಒಂದು ಗ್ಯಾರಂಟಿ ಪುಸ್ತಕವೂ ಇತ್ತು. ನಮ್ಮೂರ ಅಂಗಡಿಗಳಲ್ಲಿ ಗ್ಯಾರಂಟಿ ಕೊಡುವ ಪದ್ಧತಿ ಇಲ್ಲ. ಗ್ಯಾರಂಟಿ ಎಂದರೇನು? ಇದು ಕೆಡಬಹುದು ಎಂದು ಮಾರುವವನೇ ಕೈಯಾರೆ ಬರೆದುಕೊಟ್ಟ ಹಾಗಲ್ಲವೇ? ಈ ಪುಸ್ತಕದಲ್ಲಂತೂ ಹತ್ತಾರು ಭಾಷೆಗಳಲ್ಲಿ ಬರೆದಿದ್ದರು. ನಾನು ಅದನ್ನು ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಡಬ್ಬದ ತಳಕ್ಕೆ ತುರುಕಿದೆ. ಇವರು ಹುಡುಕಿ ತೆಗೆದು, ಓದಲು ಬರದ ಭಾಷೆಗಳನ್ನೂ ಬಿಡದೆ ತಿರುವಿ ಹಾಕಿದರು. ಆಮೇಲೆ ಕಂಪನಿಯವರಿಗೆ ಫೋನ್ ಮಾಡು ಎಂದು ಹಟ ಹಿಡಿದರು. ಇವರು ಮಾಡಿದರೆ ಲೈನ್ ಸಾಯುತ್ತದಲ್ಲ, ಅದಕ್ಕೆ ನಾನು ಹಿತ್ತಿಲಲ್ಲಿ ನಿಂತು ಮಾತಾಡುವುದು, ಇವರು ನಡುಮನೆಯಿಂದ ಕೂಗಿ ಪ್ರಶ್ನೆ ಹೇಳಿಕೊಡುವುದು. ಆ ಕಡೆ ಒಂದು ಹುಡುಗಿ, ಜೇನಿನಂಥ ದನಿ.

"ಮೇಡಂ, ಕ್ಯಾಮೆರಾದಲ್ಲಿ ಏನು ತೊಂದರೆ ಇದೆ?"

"ಏನೂ ಇಲ್ಲಮ್ಮ. ಚೆನ್ನಾಗಿದೆ."

"ಮತ್ತೆ ಯಾಕೆ ಫೋನ್ ಮಾಡಿದ್ರಿ?"

"ನಮ್ಮ ಯಜಮಾನರಿಗೆ ಅದು ಕೆಡುತ್ತೇನೋ ಅಂತ ಅನುಮಾನ."

ಹುಡುಗಿ, "ಕೆಟ್ಟ ಮೇಲೆ ಫೋನ್ ಮಾಡಿ ಮೇಡಂ" ಎಂದಳು. ನಾನು ಒಳಗೆ ಹೋಗಿ, "ಕೆಡೋದೇ ಇಲ್ವಂತೆ" ಎಂದೆ. "ಬರೆದು ಕೊಡ್ತಾಳಂತಾ?" ಎಂದರು ಇವರು.

ನಾನೇನೂ ಪ್ರಯತ್ನ ಬಿಡಲಿಲ್ಲ. ಕ್ಯಾಮೆರಾವನ್ನು ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿದೆ. ಇವರು ಸ್ನಾನಕ್ಕೆ ಹೋದಾಗ ಹೊರಗೆ ತಂದು ಬಾಳೆಗಿಡ, ಬಾವಿಕಟ್ಟೆ, ಸಿಂಚನಾ ತಲೆ ಒಣಗಿಸುವುದು, ಎಲ್ಲ ತೆಗೆದೆ. ಒಂದೊಂದೂ ಅದ್ಭುತವಾಗಿ ಬಂತು. ಅವಳ ಕೂದಲಿನಿಂದ ಬೀಳುತ್ತಿದ್ದ ನೀರ ಹನಿ ಕೂಡ ಗಾಳಿಯಲ್ಲಿ ನಿಂತಿತ್ತು. ಇವರು ಟವೆಲ್ ಸುತ್ತಿಕೊಂಡು ಬಂದು ಬಗ್ಗಿ ನೋಡಿ, "ಅಯ್ಯೋ, ನಿಜಕ್ಕೂ ಬಂದಿದೆಯಾ?" ಎಂದರು. ಪರದೆ ಕಪ್ಪಾಯಿತು. ಅವತ್ತಿಡೀ ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸಮಾಧಾನ ಮಾಡಬೇಕಾಯಿತು.

ಮದುವೆಗೆ ಫೋಟೋ ತೆಗೆಯಬೇಕಾದವರು ನಾಗೋಜಿ. ಊರಲ್ಲಿ ಇರುವ ಒಬ್ಬರೇ ಫೋಟೋದವರು. ಅವರು ಮನೆಗೆ ಬಂದು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು ಹೇಳಿದರು: "ಅಮ್ಮಾವ್ರೇ, ತಪ್ಪು ತಿಳ್ಕೋಬೇಡಿ. ಮೇಷ್ಟ್ರು ಮಂಟಪದಲ್ಲಿದ್ರೆ ನಾನು ನನ್ನ ಕ್ಯಾಮೆರಾ ಚೀಲದಿಂದ ಈಚೆ ತೆಗೆಯಲ್ಲ. ನನ್ನ ಹೊಟ್ಟೆಪಾಡು. ಮೇಷ್ಟ್ರನ್ನ ಹೊರಚಪ್ಪರಕ್ಕೆ ಕಳ್ಸಿ, ಎಷ್ಟು ಬೇಕಾದ್ರೂ ತೆಗೀತೀನಿ."

ಹೊರಚಪ್ಪರ ಎಂದರೆ ನಮ್ಮೂರ ಮದುವೆಗಳಲ್ಲಿ ಮಂಟಪದಿಂದ ಕಣ್ಣಳತೆಗೆ ಆಚೆ ಹಾಕುವ ಸಣ್ಣ ಚಪ್ಪರ. ಅನುಮಾನದವರೆಲ್ಲ ಅಲ್ಲಿ ಕೂರುತ್ತಾರೆ. ಅವಮಾನವೇನೂ ಇಲ್ಲ, ಅವರಿಗೇ ಮೊದಲು ಎಲೆ ಹಾಕುವುದು, ಒಂದು ಹೋಳಿಗೆ ಜಾಸ್ತಿ ಬಡಿಸುವುದು. ಅಲ್ಲಿ ಹರಟೆಯೂ ಜೋರು, ಸಾಂಬಾರಿಗೆ ಬೇಳೆ ಹಾಕಿದ್ದಾರೋ ಇಲ್ಲವೋ ಎಂಬಲ್ಲಿಂದ ಹಿಡಿದು. ಆದರೆ ಅಲ್ಲಿಂದ ಮದುವೆ ಕಾಣುವುದಿಲ್ಲ. ಬೇರೆಯವರ ಮದುವೆ ಕಾಣದಿದ್ದರೆ ಹೋಗಲಿ. ಹೆತ್ತ ತಂದೆ ಅಲ್ಲಿ ಕೂತರೆ ಧಾರೆ ಎರೆಯುವವರು ಯಾರು?

ನಾಗೋಜಿ ಆಮೇಲೆ ಒಂದು ಉಪಾಯವನ್ನೂ ಮಾಡಿದರು, ಪಾಪ. ಒಬ್ಬ ಮನುಷ್ಯನ ಅನುಮಾನ ಒಂದು ಹೊತ್ತಿಗೆ ಒಂದೇ ಕಡೆ ಹರಿಯುವುದು, ಅದು ಪೂರ್ತಿ ಅತ್ತ ಹರಿದರೆ ಇತ್ತ ಮುನಿದ ಯಂತ್ರ ತಾನಾಗಿಯೇ ಏಳುವುದು ಎಂಬುದು ಅವರ ಅನುಭವ. ಅದಕ್ಕೆ ಒಳಗೇನೂ ಇಲ್ಲದ ಒಂದು ಹಳೆ ಕ್ಯಾಮೆರಾದ ಚಿಪ್ಪನ್ನು ಇವರ ಮುಂದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು, ಇವರ ಅನುಮಾನವೆಲ್ಲ ಅದರ ಮೇಲೆ ಸುರಿದುಹೋಗಲಿ, ಅಷ್ಟರಲ್ಲಿ ನಮ್ಮ ಹೊಸ ಕ್ಯಾಮೆರಾವನ್ನು ಹೂವಿನ ಕುಂಡದ ಹಿಂದೆ ಅಡಗಿಸಿಟ್ಟು ಫೋಟೋ ತೆಗೆಯುವುದು. ಮನೆಯಲ್ಲೇ ಪರೀಕ್ಷೆ ನಡೆಯಿತು. ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಆ ಚಿಪ್ಪನ್ನು ನೋಡಿದರು. "ನಾಗೋಜಿ, ಇದರೊಳಗೆ ಏನೂ ಇದ್ದ ಹಾಗೆ ಕಾಣಲ್ವಲ್ಲ" ಎಂದರು. ನಾವು ಉಸಿರು ಬಿಗಿ ಹಿಡಿದೆವು. ಇವರು ಒಂದು ಗಳಿಗೆ ಯೋಚಿಸಿ, "ಏನೂ ಇಲ್ಲ ಅಂದ್ಮೇಲೆ, ಇರೋದು ಎಲ್ಲೋ ಇರ್ಬೇಕಲ್ಲ" ಎಂದು ಮೆಲ್ಲಗೆ ಹೂಕುಂಡದ ಕಡೆ ತಿರುಗಿದರು. ಕುಂಡದ ಹಿಂದಿನಿಂದ ಪುಸ್ ಎಂಬ ಸಣ್ಣ ಸದ್ದು ಬಂತು.

ಅವತ್ತು ಇವರು ಊಟ ಮಾಡಲಿಲ್ಲ. ಎಲೆಯ ಮುಂದೆ ಕೂತು ಅನ್ನದಲ್ಲಿ ಬೆರಳಾಡಿಸುತ್ತಾ ಹೇಳಿದರು: "ವನಜಾ, ನಿಮ್ಮಣ್ಣ ಧಾರೆ ಎರೀಲಿ. ನಾನು ಹೊರಚಪ್ಪರದಲ್ಲಿ ಕೂತ್ಕೋತೀನಿ. ನಾಗೋಜಿ ಚೆನ್ನಾಗಿ ಫೋಟೋ ತೆಗೀಲಿ, ನಾನು ಆಮೇಲೆ ಫೋಟೋದಲ್ಲಿ ನೋಡ್ಕೋತೀನಿ. ನಿನಗೆ ಮಾಡಿದ್ದನ್ನ ಅವಳಿಗೆ ಮಾಡಕ್ಕಾಗಲ್ಲ ನನ್ನ ಕೈಲಿ."

ಇಷ್ಟು ವರ್ಷ ಆ ರೀಲಿನ ಮಾತು ತೆಗೆದು ಇವರನ್ನು ಚುಚ್ಚಿದ್ದೇನಲ್ಲ, ಒಂದು ದಿನವೂ ಇವರು ತಿರುಗಿ ಮಾತಾಡಿರಲಿಲ್ಲ. ನನಗೆ ಎರಡೂ ಬೇಕಿತ್ತು, ಫೋಟೋವೂ ಬೇಕಿತ್ತು, ಮಗಳ ಪಕ್ಕದಲ್ಲಿ ನನ್ನ ಗಂಡನೂ ಬೇಕಿತ್ತು. ಯಾವುದನ್ನು ಬಿಡಲಿ ಎಂದು ಹೇಳಲು ಬಾಯಿ ಬರಲಿಲ್ಲ. ಬಾಯಿ ಬಂದದ್ದು ಸಿಂಚನಾಳಿಗೆ. ಸಾರಿನ ಪಾತ್ರೆಯನ್ನು ಠಪ್ಪೆಂದು ನೆಲಕ್ಕೆ ಕುಕ್ಕಿದಳು.

"ಅಪ್ಪ, ಧಾರೆ ಎರೆಯೋದು ನೀವೇ. ಇಲ್ಲಾಂದ್ರೆ ನಾನು ಹಸೆಮಣೆ ಮೇಲೆ ಕೂರೋದೇ ಇಲ್ಲ. ಫೋಟೋ ಬಂದ್ರೆ ಬರುತ್ತೆ, ಇಲ್ಲದಿದ್ರೆ ಇಲ್ಲ. ನಾಳೆ ಯಾರಾದ್ರೂ ಕೇಳಿದ್ರೆ, ನಮ್ಮಪ್ಪ ಪಕ್ಕದಲ್ಲೇ ಇದ್ರು, ಅದಕ್ಕೇ ಫೋಟೋ ಬಂದಿಲ್ಲ ಅಂತೀನಿ."

ಕೊನೆಗೆ ಹೀಗೆ ತೀರ್ಮಾನವಾಯಿತು: ನಾಗೋಜಿ ತಮ್ಮ ಕ್ಯಾಮೆರಾ ತರುವುದಿಲ್ಲ, ನಮ್ಮದರಲ್ಲೇ ತೆಗೆಯುತ್ತಾರೆ. ಕೆಟ್ಟರೆ ನಮ್ಮದೇ ಕೆಡಲಿ.

ಮದುವೆಯ ದಿನ ಇವರು ಛತ್ರದ ಬಾಗಿಲಲ್ಲಿ ಕಾಲಿಟ್ಟು ತಲೆ ಎತ್ತಿ ನೋಡಿದರು. ಸಾಲಾಗಿ ತಿರುಗುತ್ತಿದ್ದ ಫ್ಯಾನುಗಳು ಒಂದರ ಹಿಂದೊಂದು ನಿಂತವು. ಮೈಕಿನ ಹತ್ತಿರ ಹಾದುಹೋದರು, ಪುರೋಹಿತರ ದನಿ ಅವರ ಗಂಟಲಷ್ಟೇ ಆಯಿತು. ನಮ್ಮೂರಿನವರು ತಕರಾರಿಲ್ಲದೆ ಸೊಂಟದಿಂದ ಬೀಸಣಿಗೆ ತೆಗೆದರು; ನಮ್ಮ ಮನೆಯ ಮದುವೆ ಎಂದರೆ ಎಲ್ಲರೂ ತಯಾರಾಗಿಯೇ ಬಂದಿದ್ದರು. ಗಂಡಿನ ಕಡೆಯವರು ಮಾತ್ರ ರೇಷ್ಮೆ ಸೀರೆಗಳಲ್ಲಿ ಬೇಯುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಗೋಜಿ ನಮ್ಮ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು, ಅದರ ಕಿವಿಯಲ್ಲೋ ಎಂಬಂತೆ ಏನೋ ಹೇಳುತ್ತಾ ಮೂಲೆಯಲ್ಲಿ ನಿಂತಿದ್ದರು. ಅಲ್ಲಿವರೆಗೆ ಒಂದು ಫೋಟೋವೂ ಬಂದಿರಲಿಲ್ಲ. ದೇವರ ಪೂಜೆ ಬರಲಿಲ್ಲ, ಹಾರ ಬದಲಾಯಿಸಿದ್ದು ಬರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ನಗುತ್ತಲೇ ಇದ್ದೆ.

ಧಾರೆಗೆ ನಿಂತೆವು. ಲೋಹಿತ್‌ನ ಕೈ, ಅದರ ಮೇಲೆ ಸಿಂಚನಾಳ ಕೈ, ಅದರ ಮೇಲೆ ತೆಂಗಿನಕಾಯಿ, ಕೆಳಗೆ ಇವರ ಎರಡು ಕೈ. ನನ್ನ ಕೈಯಲ್ಲಿ ಚೆಂಬು. ನಾನು ನೀರು ಬಿಡುತ್ತಾ ಇವರ ಕಣ್ಣನ್ನೇ ನೋಡುತ್ತಿದ್ದೆ. ಈಗ ಆ ಕಣ್ಣು ನಾಗೋಜಿಯ ಕಡೆ ಹೊರಳುತ್ತದೆ, ಬರುತ್ತಾ ಎಂದು ಕೇಳುತ್ತಾರೆ, ಕ್ಯಾಮೆರಾ ಸಾಯುತ್ತದೆ ಎಂದು ಕಾಯುತ್ತಿದ್ದೆ. ಕಣ್ಣು ಹೊರಳಲಿಲ್ಲ. ಮಗಳ ಕೈ ತಮ್ಮ ಕೈಯಿಂದ ಆಚೆ ಹೋಗುತ್ತಿದೆ ಎಂದು ಅವರಿಗೆ ಆಗ ತಟ್ಟಿತೋ ಏನೋ, ನಿಧಾನವಾಗಿ ತಲೆ ಎತ್ತಿ ಲೋಹಿತ್‌ನನ್ನು ನೋಡಿದರು. ಬೀಗವನ್ನು ನೋಡುವ ಹಾಗೆ ನೋಡಿದರು. ಬಾಸಿಂಗದಿಂದ ಗದ್ದದವರೆಗೆ, ಗದ್ದದಿಂದ ಬಾಸಿಂಗದವರೆಗೆ, ಕೆಳಗಿನಿಂದ ಮೇಲಕ್ಕೆ ಲೆಕ್ಕ ಮಾಡುವ ಹಾಗೆ. ಈ ಹುಡುಗ ನನ್ನ ಮಗಳನ್ನು ನೋಡಿಕೊಳ್ಳುತ್ತಾನೋ ಇಲ್ಲವೋ?

ನಮ್ಮ ತಲೆಯ ಮೇಲಿನ ಫ್ಯಾನು ಒಂದು ಸಲ ನರಳಿ ತಿರುಗತೊಡಗಿತು. ಅದರ ಪಕ್ಕದ್ದೂ ತಿರುಗಿತು. ಮೈಕಿನಲ್ಲಿ ಪುರೋಹಿತರ ಮಂತ್ರ ಇದ್ದಕ್ಕಿದ್ದಂತೆ ಛತ್ರ ತುಂಬಿತು, ಅವರೇ ಬೆಚ್ಚಿಬಿದ್ದರು. ಎಲ್ಲೋ ಅಡುಗೆಮನೆಯಲ್ಲಿ ಗ್ರೈಂಡರ್ ಗರಗರ ಶುರುವಾಯಿತು. ಮತ್ತು ಅದರ ನಡುವೆ ನಾನು ಇಷ್ಟು ವರ್ಷ ಕೇಳಲು ಕಾದಿದ್ದ ಸದ್ದು: ಕ್ಲಿಕ್, ಕ್ಲಿಕ್, ಕ್ಲಿಕ್. ನಾಗೋಜಿ ಹುಚ್ಚು ಹಿಡಿದವರಂತೆ ಸುತ್ತ ಓಡಾಡಿ ತೆಗೆಯುತ್ತಿದ್ದರು, ಅವರ ಕಣ್ಣಲ್ಲಿ ನೀರು. ನಮ್ಮ ಯಜಮಾನರ ಹತ್ತಿರ ಇದ್ದ ಅನುಮಾನವೆಲ್ಲ, ಒಂದು ಚೂರೂ ಉಳಿಯದ ಹಾಗೆ, ಆ ಹುಡುಗನ ಮೇಲೆ ಖರ್ಚಾಗುತ್ತಿತ್ತು. ಕ್ಯಾಮೆರಾ ಇದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಅವರ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ, ನಿಜ ಹೇಳುತ್ತೇನೆ, ಗಡಿಯಾರಗಳು ನಿಂತ ಆ ದಿನವೂ ಬಂದಿರಲಿಲ್ಲ. ಚೆಂಬಿನ ನೀರು ಮುಗಿದದ್ದೂ ಗೊತ್ತಾಗದೆ ಖಾಲಿ ಚೆಂಬನ್ನೇ ಬಗ್ಗಿಸಿಕೊಂಡು ನಿಂತಿದ್ದೆ.

ಲೋಹಿತ್ ಫ್ಯಾನಿನ ಕೆಳಗೇ ಬೆವರುತ್ತಿದ್ದ. ಮನುಷ್ಯರೇನೂ ಅನುಮಾನಕ್ಕೆ ಕೆಟ್ಟು ನಿಲ್ಲುವುದಿಲ್ಲ, ಬೆವರುತ್ತಾರೆ ಅಷ್ಟೆ.

"ನೋಡ್ಕೋತೀಯೇನಪ್ಪ?" ಎಂದರು ಇವರು ಮೆಲ್ಲಗೆ.

"ನೋಡ್ಕೋತೀನಿ ಮಾವ."

"ಖಂಡಿತಾನಾ?"

"ಖಂಡಿತಾ ಮಾವ."

"ನೋಡೋಣ" ಎಂದರು ಇವರು. ಮೈಕು ಚಾಲೂ ಇದ್ದದ್ದರಿಂದ ಇಡೀ ಛತ್ರ ಇದನ್ನು ಕೇಳಿಸಿಕೊಂಡಿತು.

ಫೋಟೋಗಳು ಬಂದವು. ಒಂದೊಂದರಲ್ಲೂ ಅಕ್ಕಿಕಾಳು ಎಣಿಸಬಹುದು, ಅಷ್ಟು ಚೆಂದ. ಸಿಂಚನಾಳ ಸೀರೆಯ ಜರಿ, ನನ್ನ ಮೂಗುಬೊಟ್ಟಿನ ಹೊಳಪು, ಎಲ್ಲ ಇದೆ. ಎಲ್ಲದರಲ್ಲೂ ಮಧ್ಯದಲ್ಲಿ ನಮ್ಮ ಯಜಮಾನರು ಹುಬ್ಬು ಗಂಟಿಕ್ಕಿಕೊಂಡು ಅಳಿಯನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಅಕ್ಷತೆ ಬೀಳುತ್ತಿದೆ, ನೋಡುತ್ತಿದ್ದಾರೆ. ತಾಳಿ ಕಟ್ಟುತ್ತಿದ್ದಾನೆ, ಗಂಟು ಗಟ್ಟಿಯಾಯಿತೋ ಎಂದು ನೋಡುತ್ತಿದ್ದಾರೆ. ನಾಗೋಜಿ, "ಅಮ್ಮಾವ್ರೇ, ಕಂಪ್ಯೂಟರ್‌ನಲ್ಲಿ ಮೇಷ್ಟ್ರ ಮುಖಕ್ಕೆ ಒಂಚೂರು ನಗು ಹಚ್ಚಿಕೊಡ್ತೀನಿ" ಎಂದರು. ಸಿಂಚನಾ ಅವರ ಕೈಯಿಂದ ಫೋಟೋ ಕಿತ್ತುಕೊಂಡು ಗಂಡನ ಮನೆಗೆ ಹೊರಟಳು. ಇವರು ಮಾತ್ರ ಫೋಟೋಗಳನ್ನು ನೋಡಿ, "ಅವತ್ತೇನೋ ನಡೀತು. ಇನ್ನೊಂದ್ಸಲ ನಡೆಯುತ್ತೆ ಅಂತ ಏನು ಗ್ಯಾರಂಟಿ?" ಎಂದರು. ದೇವರ ಕೋಣೆಯಲ್ಲಿದ್ದ ಕ್ಯಾಮೆರಾ ಮತ್ತೆ ಮುನಿಸಿಕೊಂಡಿತು.

ಮೊನ್ನೆ ಸಿಂಚನಾ ಫೋನ್ ಮಾಡಿದ್ದಳು. ನಾನು ಹಿತ್ತಿಲಿಗೆ ಹೋಗಿ ಮಾತಾಡಿದೆ, ಇವರು ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದರು.

"ಅಮ್ಮ, ಧಾರೆ ಫೋಟೋನ ದೊಡ್ಡದು ಮಾಡ್ಸಿ ನಡುಮನೆ ಗೋಡೆಗೆ ಹಾಕಿದೀನಿ. ಅಪ್ಪ ಇವರನ್ನ ನೋಡ್ತಿರೋದು. ನಮ್ಮತ್ತೆ ಕೇಳಿದ್ರು, ಅದೇನು ನಿಮ್ಮಪ್ಪ ನಮ್ಮ ಹುಡುಗನ್ನ ಹಾಗೆ ನೋಡ್ತಾರೆ, ಬೇರೆ ಫೋಟೋ ಇಲ್ವಾ ಅಂತ."

"ನೀನೇನಂದೆ?"

"ಅದಕ್ಕೇ ಹಾಕಿರೋದು ಅತ್ತೆ, ನೋಡ್ತಾ ಇರ್ಲಿ ಅಂದೆ. ಇವರು ಬೆಳಿಗ್ಗೆ ಎದ್ದು ಅದರ ಮುಂದೆ ಓಡಾಡುವಾಗ ಪಂಚೆ ಸರಿ ಮಾಡ್ಕೋತಾರೆ ಕಣಮ್ಮ."

ನಾನು ನಗುತ್ತಾ ಒಳಗೆ ಬಂದು ಇವರಿಗೆ ಎಲ್ಲ ಹೇಳಿದೆ. ಇವರು ಕೇಳಿಸಿಕೊಂಡದ್ದನ್ನೇ ಮತ್ತೊಮ್ಮೆ ಕೇಳಿಸಿಕೊಂಡರು. ಮುಖದಲ್ಲಿ ಸಂತೋಷ ಬಂದ ಹಾಗೆ ಬಂದು ಅಲ್ಲೇ ನಿಂತಿತು.

"ಅಷ್ಟು ದೊಡ್ಡ ಫೋಟೋ. ಮೊಳೆ ಗಟ್ಟಿಯಾಗಿ ಹೊಡೆದಿದ್ದಾರಂತಾ?"

ನಾನು ಮತ್ತೆ ಹಿತ್ತಿಲಿಗೆ ಹೋಗಿ ಫೋನ್ ಮಾಡಿ ಕೇಳಿ ಬಂದೆ. ಮೊಳೆ ಹೊಡೆದದ್ದು ಲೋಹಿತ್‌ನೇ. ಹೊಡೆದು ಎಳೆದು ನೋಡಿದನಂತೆ. ಫೋಟೋ ಹಾಕಿ ನಾಲ್ಕು ಹೆಜ್ಜೆ ಹೋಗಿ, ಮನಸ್ಸು ತಡೆಯದೆ ತಿರುಗಿ ಬಂದು, ಇಳಿಸಿ, ಇನ್ನೊಂದು ಸಲ ಎಳೆದು ನೋಡಿದನಂತೆ.

ಇವರು ಇದನ್ನು ನನ್ನಿಂದ ಇನ್ನೊಂದು ಸಲ ಹೇಳಿಸಿದರು. ಆಮೇಲೆ ಮೆಲ್ಲಗೆ, "ಹುಡುಗ ಪರವಾಗಿಲ್ಲ ಕಣೇ" ಎಂದರು.